ಅಂಚೆಚೀಟಿಯ ಮೇಲಿನ ಗ್ರಂಥಪಾಲರು

ಬೆಂಗಳೂರಿನ ಸುಲ್ತಾನ್‌ಪೇಟೆ ಕಾಗದದ ಪೇಟೆ. ಮದುವೆಯ ಕರೆಯೋಲೆ, ಲೆಕ್ಕದ ಪುಸ್ತಕ, ರೀಮುಗಟ್ಟಲೆ ಬಿಳಿಯ ಹಾಳೆ ಅಲ್ಲಿ ರಾಶಿ ಬಿದ್ದಿರುತ್ತವೆ. ಗ್ರಂಥವೆಂಬುದನ್ನು ಅದು ಅಚ್ಚಾಗುವುದಕ್ಕೆ ಮೊದಲಿನ ಅವಸ್ಥೆಯಲ್ಲಿ ಕಾಣಬೇಕೆನ್ನುವವರು ಆ ಇಕ್ಕಟ್ಟಾದ ಬೀದಿಗಳಲ್ಲಿ ಒಮ್ಮೆ ಸುತ್ತಿ ಬರಬೇಕು. ಕಾಲೇಜಿನ ಕನ್ನಡ ಸಂಘದ ಸ್ಮರಣಸಂಚಿಕೆಗೆ ಕಾಗದ ಕೊಳ್ಳಲು ಹೋಗಿದ್ದಾಗ, ಅಲ್ಲಿನ ವೃದ್ಧ ವರ್ತಕರೊಬ್ಬರು ಗಲ್ಲದಿಂದ ಒಂದು ಹಳೆಯ ಲಕೋಟೆಯನ್ನು ತೆಗೆದು ನನ್ನ ಮುಂದಿಟ್ಟರು. ಅದರ ಮೇಲೆ ಒಂದು ರೂಪಾಯಿಯ ಅಂಚೆಚೀಟಿ. ಚೀಟಿಯಲ್ಲಿ ಒಬ್ಬ ಮಹನೀಯರ ಭಾವಚಿತ್ರ. ಇವರು ಗಣಿತದ ರಾಮಾನುಜನ್ನರೇ ಅಲ್ಲವೇ ಮೇಷ್ಟ್ರೇ ಎಂದು ಅವರು ವಿಚಾರಿಸಿದರು. ಅಲ್ಲ, ಆದರೆ ಇವರೂ ಗಣಿತದವರೇ ಎಂದೆ. ಆ ಉತ್ತರದಿಂದ ಅವರಿಗೆ ತೃಪ್ತಿಯಾಗಲಿಲ್ಲ; ಆಗಬೇಕಾಗಿಯೂ ಇರಲಿಲ್ಲ. ಅಂಗಡಿಯಲ್ಲಿ ನಿಂತು ಹೇಳಲಾಗದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

1992ರ ಆಗಸ್ಟ್ 30ರಂದು ಭಾರತದ ಅಂಚೆ ಇಲಾಖೆ ಹೊರತಂದ ಆ ಚೀಟಿ ಶಿಯಾಳಿ ರಾಮಾಮೃತ ರಂಗನಾಥನ್ನರ ಜನ್ಮಶತಾಬ್ದಿಯ ಸ್ಮಾರಕ. ರಾಜರಿಗೆ, ನಾಯಕರಿಗೆ, ಕವಿಗಳಿಗೆ ಮೀಸಲಾದ ಆ ಅಂಗುಲದ ಜಾಗದಲ್ಲಿ ಗ್ರಂಥಪಾಲರೊಬ್ಬರು ಕುಳಿತದ್ದು ವಿಶೇಷ. ಜೀವಮಾನದ ಕೊನೆಯ ಹದಿನೈದು ವರ್ಷಗಳಲ್ಲಿ ಬಹುಭಾಗವನ್ನು ಅವರು ನಮ್ಮ ಮಲ್ಲೇಶ್ವರದಲ್ಲಿ ಕಳೆದವರೆಂಬುದು ಬೆಂಗಳೂರಿನವರಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ತಿಳಿಯದು.

ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ 1892ರ ಆಗಸ್ಟ್ ತಿಂಗಳಿನಲ್ಲಿ ಅವರ ಜನನ. ತಂದೆ ರಾಮಾಮೃತ ಅಯ್ಯರ್ ತೋಟತುಡಿಕೆಯುಳ್ಳ ಗೃಹಸ್ಥರು. ಮಗನಿಗೆ ಆರು ವರ್ಷ ತುಂಬುವ ಮೊದಲೇ, ಮೂವತ್ತರ ಪ್ರಾಯದಲ್ಲಿ, ಅವರು ತೀರಿಹೋದರು. ತಾಯಿ ಸೀತಾಲಕ್ಷ್ಮಿಯವರ ಪೋಷಣೆಯಲ್ಲಿ ಬೆಳೆದ ಹುಡುಗ ಊರಿನ ಹೈಸ್ಕೂಲು ಮುಗಿಸಿ ಮದರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿದನು. ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ರಾಸ್ ಅವರ ವಾತ್ಸಲ್ಯ ಈ ಶಿಷ್ಯನ ಮೇಲೆ ಕಡೆಯವರೆಗೂ ಇತ್ತು. 1916ರಲ್ಲಿ ಗಣಿತದಲ್ಲಿ ಎಂ. ಎ. ಪದವಿ, ಮರುವರ್ಷ ಸೈದಾಪೇಟೆಯಲ್ಲಿ ಅಧ್ಯಾಪನದ ಶಿಕ್ಷಣ. ಮಾತನಾಡುವಾಗ ನಾಲಗೆ ತೊದಲುತ್ತಿದ್ದ ತರುಣನು ಬದುಕಿಗೆ ಪಾಠ ಹೇಳುವ ವೃತ್ತಿಯನ್ನೇ ಆರಿಸಿಕೊಂಡದ್ದನ್ನು ಗಮನಿಸಬೇಕು. ತೊದಲನ್ನು ಸಾಧನೆಯಿಂದ ಗೆದ್ದರು. ಯಾವುದು ಕಷ್ಟವೋ ಅದನ್ನೇ ಹಿಡಿಯುವ ಈ ಛಲ ಅವರ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ.

ಅವರು ಮೊದಲು ಪಾಠ ಹೇಳಿದ್ದು ಕನ್ನಡ ನಾಡಿನಲ್ಲಿ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದ ಜಿಲ್ಲೆ. ಮಂಗಳೂರಿನಿಂದ ಕೊಯಮತ್ತೂರಿಗೆ, ಅಲ್ಲಿಂದ 1921ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ವರ್ಗವಾಯಿತು. ವಿದ್ಯಾರ್ಥಿಗಳನ್ನು ಪಾಠದ ಕೊಠಡಿಯಿಂದ ಪುಸ್ತಕಗಳ ಕಡೆಗೆ ಅಟ್ಟುವ ಅಧ್ಯಾಪಕರೆಂದು ಅವರಿಗೆ ಹೆಸರು ಬಂದಿತ್ತು.

ಮದರಾಸು ವಿಶ್ವವಿದ್ಯಾನಿಲಯ ತನ್ನ ಗ್ರಂಥಭಂಡಾರಕ್ಕೆ ಪೂರ್ಣಾವಧಿಯ ಗ್ರಂಥಪಾಲರೊಬ್ಬರು ಬೇಕೆಂದು ಪ್ರಕಟಿಸಿದಾಗ ಸ್ನೇಹಿತರ ಒತ್ತಾಯಕ್ಕೆ ಮಣಿದು ಅರ್ಜಿ ಹಾಕಿದರು. ಅರ್ಜಿದಾರರಲ್ಲಿ ಯಾರಿಗೂ ಆ ವಿದ್ಯೆಯ ಶಿಕ್ಷಣವಿರಲಿಲ್ಲ, ಇವರಿಗೂ ಇರಲಿಲ್ಲ. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿ ನೋಡುತ್ತಾರೆ: ಕನ್ನೆಮರಾ ಗ್ರಂಥಾಲಯದ ಕಟ್ಟಡದಲ್ಲಿ ಆಶ್ರಯ ಪಡೆದಿದ್ದ ಒಂದು ಭಂಡಾರ, ಓದಲು ಬರುವವರು ಬೆರಳೆಣಿಕೆಯಷ್ಟು, ಮಾಡಲು ಕೆಲಸವಿಲ್ಲ, ಮಾತಿಗೆ ಜನವಿಲ್ಲ. ತರಗತಿಯ ಕಲಕಲಕ್ಕೆ ಒಗ್ಗಿದ ಜೀವಕ್ಕೆ ಅದು ಸೆರೆಯಾಯಿತು. ಕೆಲವೇ ದಿನಗಳಲ್ಲಿ ಪ್ರೆಸಿಡೆನ್ಸಿ ಕಾಲೇಜಿಗೆ ಹಿಂದಿರುಗಿ, ತಮ್ಮನ್ನು ಮತ್ತೆ ಪಾಠಕ್ಕೆ ಸೇರಿಸಿಕೊಳ್ಳುವಂತೆ ಪ್ರಿನ್ಸಿಪಾಲರನ್ನು ಬೇಡಿಕೊಂಡರು. ಹೇಗೂ ಇಂಗ್ಲೆಂಡಿಗೆ ಕಳುಹಿಸುವ ಏರ್ಪಾಡಿದೆ; ಹೋಗಿ ಬಾ; ಬಂದ ಮೇಲೂ ಇದೇ ಮನಸ್ಸಿದ್ದರೆ ನಿನ್ನ ಸ್ಥಾನ ನಿನಗೇ ಎಂದು ಅವರು ಸಮಾಧಾನ ಹೇಳಿದರಂತೆ. ಇಂಥ ಪ್ರಿನ್ಸಿಪಾಲರು ಸಿಕ್ಕದಿದ್ದರೆ ಭಾರತದ ಗ್ರಂಥಾಲಯಗಳ ಇತಿಹಾಸ ಬೇರೆಯಾಗುತ್ತಿತ್ತು.

ಆ ವರ್ಷವೇ ಲಂಡನ್ನಿಗೆ ಹೋದರು. ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಗುರುಗಳಾಗಿ ಒದಗಿದವರು ಕ್ರಾಯ್ಡನ್ ನಗರದ ಗ್ರಂಥಪಾಲರೂ ವರ್ಗೀಕರಣಶಾಸ್ತ್ರದಲ್ಲಿ ನುರಿತವರೂ ಆಗಿದ್ದ ಬರ್ವಿಕ್ ಸೇಯರ್ಸ್. ರಂಗನಾಥನ್ನರು ಪುಸ್ತಕದ ಓದಿಗೆ ನಿಲ್ಲದೆ ಆ ದೇಶದ ನೂರಕ್ಕೆ ಮೇಲ್ಪಟ್ಟ ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಮಕ್ಕಳು, ಗೃಹಿಣಿಯರು, ಕಾರ್ಖಾನೆಯ ಕೆಲಸಗಾರರು ಸಂಜೆಯ ಹೊತ್ತಿಗೆ ಗ್ರಂಥಾಲಯದೊಳಕ್ಕೆ ತಮ್ಮ ಮನೆಗೆ ಹೋಗುವಂತೆ ಹೋಗುತ್ತಿದ್ದ ದೃಶ್ಯ ಅವರ ಮನಸ್ಸಿನಲ್ಲಿ ನೆಟ್ಟಿತು. ಮದರಾಸಿನಲ್ಲಿ ಸೆರೆಮನೆಯಂತೆ ತೋರಿದ್ದು ಇಲ್ಲಿ ಊರಿನ ಬಾವಿಕಟ್ಟೆಯಂತೆ ತೋರಿತು. ಅಲ್ಲಿಂದ ಮುಂದೆ ಗಣಿತಕ್ಕೆ ಮರಳುವ ಮಾತೇ ಹುಟ್ಟಲಿಲ್ಲ.

ಲಂಡನ್ನಿನಲ್ಲಿ ನಡೆದ ಇನ್ನೊಂದು ಪ್ರಸಂಗ ಗ್ರಂಥಪಾಲರ ಬಳಗದಲ್ಲಿ ಪುರಾಣಕಥೆಯಷ್ಟು ಪ್ರಸಿದ್ಧವಾಗಿದೆ. ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟದ ಸಾಮಾನನ್ನು ಅವರು ಕಂಡರು. ಲೋಹದ ಪಟ್ಟಿ, ಗಾಲಿ, ತಿರುಪುಗಳ ಒಂದೇ ಪೆಟ್ಟಿಗೆ; ಅವನ್ನು ಒಮ್ಮೆ ಜೋಡಿಸಿದರೆ ಬಂಡಿ, ಬಿಚ್ಚಿ ಮತ್ತೆ ಜೋಡಿಸಿದರೆ ಸೇತುವೆ. ಪುಸ್ತಕದ ವಿಷಯವನ್ನೂ ಹೀಗೆಯೇ ಬಿಡಿಭಾಗಗಳಿಂದ ಕಟ್ಟಬಹುದಲ್ಲ ಎಂದು ಗಣಿತಜ್ಞನಿಗೆ ಹೊಳೆಯಿತು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿ ಜ್ಞಾನವನ್ನು ಹತ್ತು ಗೂಡುಗಳಾಗಿ, ಗೂಡಿನೊಳಗೆ ಗೂಡಾಗಿ ವಿಭಾಗಿಸಿತ್ತು. ಹೊಸ ವಿಷಯ ಹುಟ್ಟಿದಾಗ ಅದನ್ನು ಹಳೆಯ ಗೂಡಿನೊಳಕ್ಕೆ ತುರುಕಬೇಕು. ರಂಗನಾಥನ್ನರು ಸಿದ್ಧವಾದ ಗೂಡುಗಳನ್ನು ಕೊಡದೆ ಬಿಡಿಭಾಗಗಳ ಪಟ್ಟಿಗಳನ್ನು ಕೊಟ್ಟರು. ರಾಗಿಯ ಬೆಳೆಗೆ ತಗಲುವ ರೋಗದ ನಿವಾರಣೆ, ಕರ್ನಾಟಕದಲ್ಲಿ, 1950ರ ದಶಕದಲ್ಲಿ ಎಂಬ ವಿಷಯದ ಗ್ರಂಥವೊಂದಿದೆಯೆಂದು ಭಾವಿಸೋಣ. ಕೃಷಿ ಎಂಬುದು ಮುಖ್ಯವರ್ಗ. ರಾಗಿ ಅದರ ಒಂದು ಮುಖ. ರೋಗ, ನಿವಾರಣೆಗಳು ಮತ್ತೊಂದು. ದೇಶ ಒಂದು, ಕಾಲ ಒಂದು. ಇವಕ್ಕೆ ಒಂದೊಂದು ಸಂಕೇತವಿತ್ತು ವಿರಾಮಚಿಹ್ನೆಗಳಿಂದ ಹೊಲಿದರೆ ಆ ಗ್ರಂಥದ ಹೆಸರೇ ಒಂದು ಸೂತ್ರವಾಗುತ್ತದೆ. ಕೋಲನ್ ಎಂಬ ಎರಡು ಚುಕ್ಕೆಯ ಚಿಹ್ನೆಯಿಂದ ಈ ಹೊಲಿಗೆ ಮೊದಲಾದ ಕಾರಣ ಅದು ಕೋಲನ್ ವರ್ಗೀಕರಣವೆನಿಸಿತು. 1925ರಲ್ಲಿ ಹಡಗಿನಲ್ಲಿ ಹಿಂದಿರುಗುವಾಗಲೇ ಆ ಹಡಗಿನ ಪುಸ್ತಕಗಳ ಮೇಲೆ ಈ ಪದ್ಧತಿಯನ್ನು ಪ್ರಯೋಗಿಸಿ ನೋಡಿದರು. ಅಚ್ಚಾದದ್ದು 1933ರಲ್ಲಿ.

ಸಾಹಿತ್ಯದ ಅಧ್ಯಾಪಕನಾದ ನನಗೆ ಈ ಪದ್ಧತಿಯಲ್ಲಿ ಪ್ರಿಯವಾದ ಒಂದು ಅಂಶವನ್ನು ಹೇಳದೆ ಮುಂದೆ ಹೋಗಲಾರೆ. ಇಲ್ಲಿ ಕವಿಯನ್ನು ಗುರುತಿಸುವುದು ಅವನ ಭಾಷೆ, ಅವನ ಸಾಹಿತ್ಯಪ್ರಕಾರ, ಅವನು ಹುಟ್ಟಿದ ವರ್ಷ ಈ ಮೂರರಿಂದ. ಹತ್ತೊಂಬತ್ತನೆಯ ನೂರು ವರ್ಷಕ್ಕೆ ರೋಮನ್ ಲಿಪಿಯ ಎಂ, ಇಪ್ಪತ್ತನೆಯದಕ್ಕೆ ಎನ್. ಮಾಸ್ತಿಯವರು ಎಂ 91, ಬೇಂದ್ರೆಯವರು ಎಂ 96, ಕುವೆಂಪು ಎನ್ 04. ಕಪಾಟಿನ ಮುಂದೆ ನಿಂತವನಿಗೆ ಒಂದು ಪ್ರಕಾರದ ಸಾಹಿತ್ಯಚರಿತ್ರೆ ಕಾಲಾನುಕ್ರಮದಲ್ಲಿ ಸಾಲಾಗಿ ನಿಂತಂತೆ ಕಾಣುತ್ತದೆ. ಪಂಪನ ವಿಷಯದಲ್ಲಿ ತೊಂದರೆಯಿಲ್ಲ. 902 ಎಂಬ ವರ್ಷವನ್ನು ವಿದ್ವಾಂಸರು ಒಪ್ಪಿಕೊಂಡಿದ್ದಾರೆ. ಆದರೆ ಕುಮಾರವ್ಯಾಸನ ಕಾಲವನ್ನು ಕುರಿತು ನಮ್ಮ ಹಿರಿಯರು ನಡೆಸಿದ ವಾಗ್ವಾದಗಳೆಲ್ಲ ಬಡಪಾಯಿ ಗ್ರಂಥಪಾಲನ ತಲೆಯ ಮೇಲೆ ಬಂದು ಬೀಳುತ್ತವೆ. ಇತ್ಯರ್ಥವಾಗುವ ತನಕ ಭಾರತವನ್ನು ಯಾವ ಅಟ್ಟಣೆಯಲ್ಲಿ ಇಡಬೇಕು? ಇದೇ ಲೆಕ್ಕದಿಂದ ರಂಗನಾಥನ್ನರು ಎಂ 92. ಮಾಸ್ತಿಯವರಿಗಿಂತ ಒಂದು ವರ್ಷ ಕಿರಿಯರು.

ಮದರಾಸಿನಲ್ಲಿ ಅವರು ಇಪ್ಪತ್ತು ವರ್ಷ ದುಡಿದರು. ಆ ಅವಧಿಯಲ್ಲಿ ಒಂದು ದಿನವೂ ರಜ ತೆಗೆದುಕೊಳ್ಳಲಿಲ್ಲವೆಂದು ಹೇಳುವುದುಂಟು. ಬೀರುಗಳ ಬೀಗ ತೆಗೆಯಿಸಿ ಓದುಗರು ತಾವೇ ಪುಸ್ತಕಗಳ ನಡುವೆ ಓಡಾಡುವಂತೆ ಮಾಡಿದರು. ಬಾಗಿಲು ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಪತ್ನಿ ರುಕ್ಮಿಣಿಯವರು ಆಕಸ್ಮಿಕವಾಗಿ ತೀರಿಕೊಂಡರು. ಮರುವರ್ಷ ಶಾರದಾ ಅವರನ್ನು ವಿವಾಹವಾದರು.

ಗ್ರಂಥಾಲಯದ ನೂರೆಂಟು ಕಟ್ಟಳೆಗಳ ಹಿಂದೆ ಕೆಲವೇ ಮೂಲತತ್ತ್ವಗಳಿರಲೇಬೇಕೆಂಬ ತಹತಹ, ಯೂಕ್ಲಿಡನನ್ನು ಓದಿದವರಿಗೆ ಸಹಜವಾದದ್ದು, ಅವರನ್ನು ಬಹುಕಾಲ ಕಾಡುತ್ತಿತ್ತು. ಒಂದು ಸಂಜೆ ಹಳೆಯ ಗುರು ರಾಸ್ ಅವರು ಬಂದು ಶಿಷ್ಯನ ಒದ್ದಾಟವನ್ನು ಕಂಡು, ಪುಸ್ತಕವಿರುವುದು ಬಳಸುವುದಕ್ಕೆ ಎಂಬ ಅತಿ ಸರಳವಾದ ಮಾತನ್ನೇ ಮೊದಲ ಸೂತ್ರವಾಗಿ ಸೂಚಿಸಿದರು. ಮಿಕ್ಕ ನಾಲ್ಕು ಅದರ ಬೆನ್ನಲ್ಲೇ ಬಂದವು. ಓದುಗನಾದವನು ಯಾರೇ ಆಗಿರಲಿ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು. ಪುಸ್ತಕ ಯಾವುದೇ ಆಗಿರಲಿ ಅದಕ್ಕೆ ತಕ್ಕ ಓದುಗನನ್ನು ಹುಡುಕಿಕೊಡಬೇಕು. ಅವನ ಕಾಲವನ್ನು ಪೋಲುಮಾಡಬಾರದು. ಗ್ರಂಥಾಲಯ ಜೀವವಿರುವ ವಸ್ತು, ಬೆಳೆಯುತ್ತಲೇ ಇರುತ್ತದೆ. 1931ರಲ್ಲಿ ಗ್ರಂಥರೂಪದಲ್ಲಿ ಬಂದ ಈ ಪಂಚಸೂತ್ರಗಳನ್ನು ಇಂದು ಜಗತ್ತಿನಾದ್ಯಂತ ಪಾಠ ಹೇಳುತ್ತಾರೆ. ಕೇಳಿದರೆ ಇದರಲ್ಲೇನು ಹೊಸದು ಎನಿಸಬಹುದು. ತಾಳೆಯೋಲೆಯ ಕಟ್ಟಿಗೆ ರೇಷ್ಮೆಯ ವಸ್ತ್ರ ಸುತ್ತಿ, ಅರಿಸಿನ ಕುಂಕುಮವಿಟ್ಟು ಪೂಜಿಸಿ, ಯಾರಿಗೂ ತೋರಿಸದೆ ಗೆದ್ದಲಿಗೆ ಒಪ್ಪಿಸಿದ ಮನೆಗಳನ್ನು ಬಲ್ಲವರಿಗೆ ಆ ಮೊದಲನೆಯ ಸೂತ್ರ ಎಷ್ಟು ಮೊನಚಾದದ್ದೆಂದು ಗೊತ್ತಾಗುತ್ತದೆ.

ಅದೇ 1931ರ ಅಕ್ಟೋಬರಿನಲ್ಲಿ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೆಯೆಂಬವರು ಒಂದು ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಹೇರಿ ಹಳ್ಳಿಗಳಿಗೆ ಹೊರಡಿಸಿದರು. ಹಿಂದಿದ್ದ ಪ್ರೇರಣೆ ರಂಗನಾಥನ್ನರದು. ಓದಲಾರದವರಿಗೆ ಓದಿ ಹೇಳುವ ವ್ಯವಸ್ಥೆಯೂ ಅವರ ಕಲ್ಪನೆಯಲ್ಲಿ ಗ್ರಂಥಾಲಯದ ಕೆಲಸವೇ ಆಗಿತ್ತು. ಸೂಕ್ಷ್ಮ ಸಂಕೇತಗಳ ಶಾಸ್ತ್ರಕಾರರೂ ಎತ್ತಿನ ಗಾಡಿಯ ಪ್ರೇರಕರೂ ಒಬ್ಬರೇ ಎಂಬುದನ್ನು ಮರೆತವರಿಗೆ ರಂಗನಾಥನ್ನರು ಅರ್ಧ ಮಾತ್ರ ಅರ್ಥವಾಗುತ್ತಾರೆ.

ವಿಶ್ವವಿದ್ಯಾನಿಲಯದ ಆಡಳಿತದೊಡನೆ ವಿರಸ ಬೆಳೆದು ಮದರಾಸನ್ನು ಬಿಟ್ಟರು. 1945ರಲ್ಲಿ ರಾಧಾಕೃಷ್ಣನ್ನರ ಆಹ್ವಾನದ ಮೇಲೆ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಹೆಚ್ಚುಕಡಮೆ ಒಂದು ಲಕ್ಷ ಗ್ರಂಥಗಳನ್ನು ಒಂದೂವರೆ ವರ್ಷದಲ್ಲಿ ಒಬ್ಬರೇ ವರ್ಗೀಕರಿಸಿದರೆಂದು ಪ್ರತೀತಿ. 1947ರಲ್ಲಿ ಸರ್ ಮಾರಿಸ್ ಗ್ವಯರ್ ದೆಹಲಿಗೆ ಕರೆಸಿಕೊಂಡರು. ಗ್ರಂಥಾಲಯ ವಿಜ್ಞಾನದಲ್ಲಿ ಉನ್ನತ ಪದವಿಗಳೂ ಸಂಶೋಧನೆಯೂ ಅಲ್ಲಿ ಮೊದಲಾದವು.

ಸ್ವಾತಂತ್ರ್ಯ ಬಂದ ಆ ಹೊಸತರಲ್ಲಿ ದೇಶಕ್ಕೊಂದು ಗ್ರಂಥಾಲಯ ಬೇಕೆಂಬ ಉತ್ಸಾಹ ಎಲ್ಲೆಡೆ ಇತ್ತು. ಕರ್ಜನ್ ಪ್ರಭುವಿನ ಕಾಲದಲ್ಲಿ, 1903ರಲ್ಲಿ, ಕಲ್ಕತ್ತೆಯಲ್ಲಿ ತೆರೆದ ಇಂಪೀರಿಯಲ್ ಲೈಬ್ರರಿಗೆ 1948ರ ಶಾಸನದಿಂದ ರಾಷ್ಟ್ರೀಯ ಗ್ರಂಥಾಲಯವೆಂಬ ಹೆಸರಾಯಿತು. ಬೆಲ್ವೆಡೇರ್ ಅರಮನೆಯಲ್ಲಿ 1953ರ ಫೆಬ್ರವರಿ 1ರಂದು ಮೌಲಾನಾ ಆಜಾದರು ಅದನ್ನು ಸಾರ್ವಜನಿಕರಿಗೆ ತೆರೆದರು. ಅದರ ಗ್ರಂಥಪಾಲರು ಬಳ್ಳಾರಿ ಶಾಮಣ್ಣ ಕೇಶವನ್, ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದವರು. ಪ್ರಕಟವಾಗುವ ಪ್ರತಿಯೊಂದು ಗ್ರಂಥದ ಒಂದು ಪ್ರತಿ ಅಲ್ಲಿಗೆ ಸೇರಬೇಕೆಂದು 1954ರಲ್ಲಿ ಶಾಸನವಾಯಿತು. ಸುಲ್ತಾನ್‌ಪೇಟೆಯಿಂದ ಹೊರಟ ಬಿಳಿಯ ಹಾಳೆ ಕನ್ನಡ ಗ್ರಂಥವಾಗಿ ಕಲ್ಕತ್ತೆ ಮುಟ್ಟಬೇಕಾದದ್ದು ಈ ದಾರಿಯಿಂದ. ಕೇಶವನ್ನರ ನೇತೃತ್ವದಲ್ಲಿ ಹೊರಟ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯಲ್ಲಿ ಪುಸ್ತಕಗಳನ್ನು ಜೋಡಿಸಿದ್ದು ಡ್ಯೂಯಿಯ ಕ್ರಮದಲ್ಲಿ; ರಂಗನಾಥನ್ನರ ಸೂತ್ರಸಂಖ್ಯೆಗೆ ಪ್ರತಿಯೊಂದು ನಮೂದಿನ ಕೆಳಭಾಗದಲ್ಲಿ ಜಾಗ ಸಿಕ್ಕಿತು. ಅವರ ಪದ್ಧತಿಯ ಭಾಗ್ಯವೂ ದೇಶದಲ್ಲಿ ಹೀಗೆಯೇ ಆಯಿತು: ಎಲ್ಲರೂ ಗೌರವಿಸಿದರು, ಬಹುಮಂದಿ ಡ್ಯೂಯಿಯನ್ನೇ ಬಳಸಿದರು. ಇದರಲ್ಲಿ ಅವರ ತಪ್ಪೂ ಉಂಟು. ಆವೃತ್ತಿಯಿಂದ ಆವೃತ್ತಿಗೆ ನಿಯಮಗಳು ಬದಲಾಗುತ್ತಿದ್ದುವು; ಅವರ ಪರಿಭಾಷೆ ಸಾಮಾನ್ಯ ಗ್ರಂಥಪಾಲನ ಕೈಗೆ ಎಟುಕುವಂತಿರಲಿಲ್ಲ. ಆದರೆ ವಿಷಯವನ್ನು ಮುಖಗಳಾಗಿ ಬಿಡಿಸುವ ಅವರ ವಿಚಾರ ಗಣಕಯಂತ್ರದ ಯುಗದಲ್ಲಿ ಮರುಹುಟ್ಟು ಪಡೆದಿದೆ. ಭಾಷೆ ಯಾವುದು, ಕಾಲ ಯಾವುದು, ವಿಷಯ ಯಾವುದು ಎಂದು ಒಂದೊಂದಾಗಿ ಆಯ್ದು ಇಂದಿನ ಸೂಚಿಗಳಲ್ಲಿ ನಾವು ಹುಡುಕುವ ಕ್ರಮ ಅದೇ.

ರಾಷ್ಟ್ರೀಯ ಗ್ರಂಥಾಲಯದ ಹೆಸರು ನಮ್ಮ ಸಂವಿಧಾನದಲ್ಲಿಯೇ, ಕೇಂದ್ರದ ಅಧಿಕಾರಗಳ ಪಟ್ಟಿಯಲ್ಲಿ ಇದೆ. ಮಿಕ್ಕ ಗ್ರಂಥಾಲಯಗಳು ರಾಜ್ಯಗಳ ಪಾಲು. ಕಲ್ಕತ್ತೆಯ ಅರಮನೆಯೊಂದರಿಂದಲೇ ದೇಶ ಓದುಗರ ದೇಶವಾಗದೆಂಬುದು ರಂಗನಾಥನ್ನರ ನಿಲುವು. 1950ರಲ್ಲಿ ಅವರು ಪ್ರಕಟಿಸಿದ ಮೂವತ್ತು ವರ್ಷಗಳ ಯೋಜನೆಯಲ್ಲಿ ದೇಶದ ಕೇಂದ್ರ ಗ್ರಂಥಾಲಯವೆಂಬುದು ಸರಪಣಿಯ ಒಂದು ಕೊಂಡಿ ಮಾತ್ರ. ಅದರ ಕೆಳಗೆ ರಾಜ್ಯ, ನಗರ, ಗ್ರಾಮ, ಶಾಖೆ, ಕೊನೆಗೆ ಸಂಚಾರಿ ಬಂಡಿ. ಈ ಸರಪಣಿ ದಾನಿಗಳ ಔದಾರ್ಯದ ಮೇಲೆ ನಿಲ್ಲುವುದಿಲ್ಲ, ಶಾಸನದ ಮೇಲೆ ನಿಲ್ಲಬೇಕು. ಶಾಸನದಲ್ಲಿ ಹಣದ ಮೂಲವನ್ನು ಬರೆದಿರಬೇಕು ಎಂದು ಅವರು ಪಟ್ಟುಹಿಡಿದರು. ಕೇಂದ್ರಕ್ಕೂ ರಾಜ್ಯಗಳಿಗೂ ಮಸೂದೆಗಳನ್ನು ತಾವೇ ರಚಿಸಿಕೊಟ್ಟರು. ಕೇಂದ್ರದ ಮಸೂದೆ ಕಾಗದದಲ್ಲಿಯೇ ಉಳಿಯಿತು. ಮದರಾಸಿನಲ್ಲಿ ಮಾತ್ರ, ಅವಿನಾಶಿಲಿಂಗಂ ಚೆಟ್ಟಿಯಾರರು ವಿದ್ಯಾಮಂತ್ರಿಗಳಾಗಿದ್ದಾಗ, 1948ರಲ್ಲಿ ಸಾರ್ವಜನಿಕ ಗ್ರಂಥಾಲಯ ಶಾಸನ ಅಂಗೀಕೃತವಾಯಿತು. ಸ್ವತಂತ್ರ ಭಾರತದಲ್ಲಿ ಅದೇ ಮೊದಲನೆಯದು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದರಾಸಿನವೇ. ತರುಣ ಅಧ್ಯಾಪಕರಾಗಿ ಮಂಗಳೂರಿನಲ್ಲಿ ಗಣಿತ ಹೇಳಿದ್ದ ರಂಗನಾಥನ್ನರು ಮೂವತ್ತು ವರ್ಷಗಳ ಮೇಲೆ ಅದೇ ಜಿಲ್ಲೆಗೆ ಗ್ರಂಥಾಲಯದ ಕಾನೂನನ್ನು ತಲಪಿಸಿದಂತಾಯಿತು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು. 1956ರಲ್ಲಿ ದಕ್ಷಿಣ ಕನ್ನಡ ನಮ್ಮ ಕಡೆಗೆ, ಕಾಸರಗೋಡು ಕೇರಳದ ಕಡೆಗೆ ಹೋದವು. ಬೀದರ, ಕಲಬುರ್ಗಿ, ರಾಯಚೂರುಗಳಿಗೆ 1955ರ ಹೈದರಾಬಾದು ಶಾಸನವಿತ್ತು. ಹಳೆಯ ಮೈಸೂರಿನವರಾದ ನಾವು, ವಿದ್ಯೆಯಲ್ಲಿ ಮುಂದಿದ್ದೇವೆಂದು ಬೀಗುತ್ತಿದ್ದವರು, ಈ ಒಂದು ವಿಷಯದಲ್ಲಿ ಹಿಂದುಳಿದೆವು.

ಜೂರಿಕ್ ನಗರದಲ್ಲಿ ಎರಡು ವರ್ಷ ಏಕಾಂತದಲ್ಲಿ ಗ್ರಂಥರಚನೆ ಮಾಡಿ 1957ರಲ್ಲಿ ಹಿಂದಿರುಗಿದ ರಂಗನಾಥನ್ನರು ಬೆಂಗಳೂರನ್ನು ತಮ್ಮ ಊರಾಗಿ ಮಾಡಿಕೊಂಡರು. ಪದ್ಮಶ್ರೀ ಬಂದದ್ದು ಆ ವರ್ಷ. ಅದಕ್ಕೆ ಸ್ವಲ್ಪ ಮೊದಲು, ದುಡಿಮೆಯ ಉಳಿತಾಯದಲ್ಲಿ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನಮಾಡಿ, ಪತ್ನಿಯ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠವನ್ನು ಏರ್ಪಡಿಸಿದ್ದರು. ತಮಗೆ ವಿರಸವನ್ನು ಕೊಟ್ಟ ಸಂಸ್ಥೆಗೇ ಕೊಟ್ಟ ದಾನವಿದು. 1961ರಲ್ಲಿ ಬೆಂಗಳೂರಿನಲ್ಲಿಯೂ ಶಾರದಾ ರಂಗನಾಥನ್ ದತ್ತಿಯನ್ನು ಸ್ಥಾಪಿಸಿದರು. 1962ರಲ್ಲಿ ಮಹಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ದಾಖಲೀಕರಣದ ಸಂಶೋಧನ ಮತ್ತು ಶಿಕ್ಷಣ ಕೇಂದ್ರವೊಂದು ಇಲ್ಲಿ ಹುಟ್ಟಿತು; ಮಲ್ಲೇಶ್ವರದ ಹನ್ನೊಂದನೆಯ ಅಡ್ಡರಸ್ತೆಯಲ್ಲಿ ಅದರ ಆರಂಭದ ದಿನಗಳು ಕಳೆದವು. ನೀಲಮೇಘನ್, ಗೋಪಿನಾಥ್ ಮೊದಲಾದ ಸಹೋದ್ಯೋಗಿಗಳೊಡನೆ ಎಪ್ಪತ್ತು ದಾಟಿದ ಗುರುಗಳು ಅಲ್ಲಿ ಪಾಠ ಹೇಳಿದರು, ಪತ್ರಿಕೆ ನಡೆಸಿದರು. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರೆಂದು ಗೌರವಿಸಿತು. ನಡುವೆ ಹಳೆಯ ಗಣಿತದ ಋಣವನ್ನು ತೀರಿಸಲೆಂಬಂತೆ ರಾಮಾನುಜನ್ನರನ್ನು ಕುರಿತು ಒಂದು ಗ್ರಂಥವನ್ನು ಬರೆದು 1967ರಲ್ಲಿ ಪ್ರಕಟಿಸಿದರು. ರಾಮಾನುಜನ್ನರ ಅಂಚೆಚೀಟಿ ಅದಕ್ಕೆ ಐದು ವರ್ಷ ಮೊದಲೇ ಬಂದಿತ್ತು.

ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, 1965ರಲ್ಲಿ, ಮೈಸೂರು ಸಾರ್ವಜನಿಕ ಗ್ರಂಥಾಲಯ ಶಾಸನ ರೂಪುಗೊಂಡು 1966ರ ನವೆಂಬರ್ 1ರಿಂದ ಜಾರಿಗೆ ಬಂತು. ರಂಗನಾಥನ್ನರು ವರ್ಷಗಳಿಂದ ವಾದಿಸುತ್ತ ಬಂದಿದ್ದ ತತ್ತ್ವ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ನಗರ, ಜಿಲ್ಲೆಗಳಿಗೆ ಗ್ರಂಥಾಲಯ ಪ್ರಾಧಿಕಾರಗಳು, ಮೇಲೆ ರಾಜ್ಯ ಕೇಂದ್ರ ಗ್ರಂಥಾಲಯ, ಖರ್ಚಿಗೆ ಗ್ರಂಥಾಲಯ ಕರ. ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರರ ಸ್ಮಾರಕವಾದ ಕೆಂಪು ಭವನ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಕರ ಮೊದಲಿಗೆ ಕಟ್ಟಡ ಮುಂತಾದ ತೆರಿಗೆಗಳ ರೂಪಾಯಿಗೆ ಮೂರು ಪೈಸೆ; ಮುಂದೆ ಆರು ಪೈಸೆಯಾಯಿತು. ಸ್ಥಳೀಯ ಸಂಸ್ಥೆಗಳು ಜನರಿಂದ ವಸೂಲಾದ ಈ ಹಣವನ್ನು ಗ್ರಂಥಾಲಯಗಳಿಗೆ ಸಕಾಲದಲ್ಲಿ ಒಪ್ಪಿಸುವುದಿಲ್ಲವೆಂಬ ದೂರು ಬಹಳ ಹಳೆಯದು, ಇಂದಿಗೂ ತೀರಿಲ್ಲ. ಬೀದಿಯ ಶಾಖಾ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಕಾಣದೆ ಬೇಸರಪಡುವ ವಿದ್ಯಾರ್ಥಿಗಳು, ಅದರ ಬೆಲೆಯನ್ನು ತಮ್ಮ ತಂದೆ ಆಗಲೇ ತೆತ್ತಿದ್ದಾರೆಂಬುದನ್ನು ಅರಿಯರು. ರಂಗನಾಥನ್ನರ ಆಯುಷ್ಯದ ದುಡಿಮೆ ಮುಟ್ಟಿ ನಿಂತದ್ದು ಈ ಆರು ಪೈಸೆಯ ಬಳಿ. ಆದ್ದರಿಂದಲೇ ವರ್ಷಕ್ಕೊಮ್ಮೆ ಆಗಸ್ಟ್ 12ರಂದು ಗ್ರಂಥಪಾಲರ ದಿನವೆಂದು ಅವರ ಪಟಕ್ಕೆ ಹಾರ ಹಾಕುವಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ.

1972ರ ಸೆಪ್ಟೆಂಬರ್ 27ರಂದು, ಎಂಬತ್ತು ತುಂಬಿದ ಒಂದು ತಿಂಗಳ ಮೇಲೆ, ಬೆಂಗಳೂರಿನಲ್ಲಿ ಅವರು ಕಾಲವಾದರು. ಕೋಲನ್ ವರ್ಗೀಕರಣದ ಏಳನೆಯ ಆವೃತ್ತಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಶಿಷ್ಯರಾದ ಗೋಪಿನಾಥರು ಅದನ್ನು ಪರಿಷ್ಕರಿಸಿ 1987ರಲ್ಲಿ ಹೊರತಂದರು.

ಇಷ್ಟನ್ನೂ ಅಂಗಡಿಯಲ್ಲಿ ಹೇಳಲಾಗಲಿಲ್ಲವೆಂದೆನಷ್ಟೆ. ಹೇಳಿದ್ದು ಕರದ ಮಾತೊಂದನ್ನೇ. ವರ್ತಕರು ನಂಬದೆ, ತಮ್ಮ ಮಳಿಗೆಯ ತೆರಿಗೆಯ ರಸೀತಿಯನ್ನು ಕಡತದಿಂದ ತೆಗೆಸಿ ಕನ್ನಡಕವೇರಿಸಿ ನೋಡಿದರು. ಉಪಕರವೆಂದು ಒಂದೇ ಮೊತ್ತವಿತ್ತು. ಅದರೊಳಗೆ ಆರೋಗ್ಯದ ಪಾಲು, ಭಿಕ್ಷುಕರ ಪಾಲು, ಗ್ರಂಥಾಲಯದ ಪಾಲು ಎಲ್ಲವೂ ಸೇರಿರುತ್ತವೆಂದು ವಿವರಿಸಿದೆ. ಅವರು ಪೆನ್ಸಿಲಿನಿಂದ ರಸೀತಿಯ ಅಂಚಿನಲ್ಲಿ ಲೆಕ್ಕ ಹಾಕಿ, ತಮ್ಮ ಪಾಲಿಗೆ ವರ್ಷಕ್ಕೆ ಎಷ್ಟು ಪುಸ್ತಕಗಳು ಬರಬೇಕಾಗುತ್ತದೆ ಎಂದು ಕೇಳಿದರು. ಅಷ್ಟರಲ್ಲಿ ಕಾಗದದ ಕಟ್ಟು ಸಿದ್ಧವಾಗಿ, ಆಳು ಅದನ್ನು ಆಟೋದಲ್ಲಿ ಇಡಬಹುದೇ ಎಂದು ಕೂಗಿದನು.